ಹಳೆಯ ಡೆಸ್ಕ್‌ಟಾಪ್‌ಗೆ ವಿಡಿಯೋ ಮೆಮೊರಿ: ಬಯೋಸ್ ಬದಲಾವಣೆಯೇ, ರ‍್ಯಾಮ್ ಜೋಡಿಯೇ, ಹೊಸ ಕಾರ್ಡೇ?

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ, ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಕಂಪ್ಯೂಟರ್‌ಗಳು ಸಾಲಾಗಿ ಪೇರಿಸಿರುತ್ತವೆ. ಒಳಗೆ 2011ರಿಂದ 2013ರ ನಡುವೆ ಬಂದ ಎರಡು, ಮೂರು ಅಥವಾ ನಾಲ್ಕನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್. ಲೆಕ್ಕಪತ್ರ, ಟೈಪಿಂಗ್, ಅಂತರ್ಜಾಲಕ್ಕೆ ಇವು ಇವತ್ತಿಗೂ ಗಟ್ಟಿ. ಕಾಲೇಜು ವಿದ್ಯಾರ್ಥಿಗಳು, ಡಿಟಿಪಿ ಅಂಗಡಿಯವರು, ಮದುವೆ ಆಲ್ಬಮ್ ಮಾಡುವ ಸ್ಟುಡಿಯೋದವರು ಇವನ್ನೇ ಕೊಂಡು ಕೆಲಸ ಆರಂಭಿಸುತ್ತಾರೆ. ಕೆಲವು ತಿಂಗಳಲ್ಲಿ ತೊಡಕು ಶುರು. ಹೊಸ ಫೋಟೋಶಾಪ್ ಗ್ರಾಫಿಕ್ಸ್ ಪ್ರೊಸೆಸರ್ ಸಾಲದು ಎನ್ನುತ್ತದೆ, ಆಟವೊಂದು ವಿಡಿಯೋ ಮೆಮೊರಿ (ಗ್ರಾಫಿಕ್ಸ್ ಕೆಲಸಕ್ಕೆ ಬಳಕೆಯಾಗುವ ಮೆಮೊರಿ) ಇಲ್ಲವೆಂದು ತೆರೆಯಲು ಒಪ್ಪುವುದಿಲ್ಲ, 4ಕೆ ವಿಡಿಯೋ ತಡವರಿಸುತ್ತದೆ. ವಿಚಾರಿಸಿದರೆ ಸಿಗುವ ಉತ್ತರ ಒಂದೇ: ‘4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ.’

ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಎಷ್ಟು ಜಿಬಿ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೊರತೆ ಇರುವುದು ಮೆಮೊರಿಯದೇ ಹೌದೇ ಎಂಬುದು ಮೊದಲನೆಯದು. ಆ ಮೆಮೊರಿ ಎಷ್ಟು ವೇಗದ್ದು ಎಂಬುದು ಅದರ ನಂತರದ್ದು. ನಿಮ್ಮ ಕ್ಯಾಬಿನೆಟ್ಟು, ಒಳಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ಸು ಯಾವ ಕಾರ್ಡನ್ನು ತಡೆದುಕೊಳ್ಳುತ್ತವೆ ಎಂಬುದೂ ಇತ್ಯರ್ಥವಾಗಬೇಕು. ಇಷ್ಟನ್ನು ಕೇಳದೆ ಹಣ ಹಾಕಿದವರು ದೊಡ್ಡ ಅಂಕಿಯ ನಿಧಾನದ ಕಾರ್ಡ್ ಹಿಡಿದು ಮನೆಗೆ ಹೋಗುತ್ತಾರೆ.

ಕೊರತೆ ನಿಜಕ್ಕೂ ಮೆಮೊರಿಯದೇ?

ಪರದೆಗೆ ಚಿತ್ರ ಮೂಡಿಸುವುದಕ್ಕಷ್ಟೇ ಬೇಕಾಗುವ ಮೆಮೊರಿ ತೀರಾ ಕಡಿಮೆ. 1920×1080ರ ಪರದೆಯಲ್ಲಿ ಒಂದು ಬಿಂದುವಿಗೆ 4 ಬೈಟ್‌ನಂತೆ ಲೆಕ್ಕ ಹಾಕಿದರೆ ಒಂದು ಪೂರ್ಣ ಚಿತ್ರಕ್ಕೆ ಸುಮಾರು 8 ಎಂಬಿ. 4ಕೆ ಪರದೆಗೆ ಸುಮಾರು 33 ಎಂಬಿ. ಆದ್ದರಿಂದ ಬ್ರೌಸರ್, ನುಡಿ, ಎಕ್ಸೆಲ್, ಟ್ಯಾಲಿ ನಿಧಾನವಾಗಿದ್ದರೆ ಅದಕ್ಕೆ ವಿಡಿಯೋ ಮೆಮೊರಿ ಕಾರಣವಲ್ಲ. ಹಳೆಯ ಹಾರ್ಡ್ ಡಿಸ್ಕ್ ಅಥವಾ ಕಡಿಮೆ ರ‍್ಯಾಮ್ ಕಾರಣ. ಅಂಥವರು ಈ ಲೇಖನ ಬದಿಗಿಟ್ಟು ಮೊದಲು ಎಸ್‌ಎಸ್‌ಡಿ ಹಾಕಿಸಲಿ.

ಮೆಮೊರಿ ತುಂಬುವುದು ಮೂರು ಆಯಾಮದ ಆಟಗಳಲ್ಲಿ, ಬ್ಲೆಂಡರ್‌ನಂಥ ತಂತ್ರಾಂಶಗಳಲ್ಲಿ, ಪರಿಣಾಮಗಳನ್ನು ಹೇರಿದ ವಿಡಿಯೋ ಸಂಕಲನದಲ್ಲಿ. 4096×4096 ಗಾತ್ರದ ಒಂದೇ ಟೆಕ್ಸ್‌ಚರ್ (ಆಕೃತಿಗಳ ಮೇಲ್ಮೈಗೆ ಹೊದಿಸುವ ಚಿತ್ರ) ಕುಗ್ಗಿಸದೆ ಇಟ್ಟರೆ 64 ಎಂಬಿ ತಿನ್ನುತ್ತದೆ. ಅಂಥವು ನೂರಾರು ಸೇರಿದರೆ 2 ಜಿಬಿ ಎಲ್ಲಿಗೂ ಸಾಲುವುದಿಲ್ಲ.

ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಒತ್ತಿದರೆ ಡೆಡಿಕೇಟೆಡ್, ಶೇರ್ಡ್ ಎಂಬ ಎರಡು ಅಂಕಿಗಳು ಕಾಣುತ್ತವೆ. ಡೆಡಿಕೇಟೆಡ್ ಎಂದರೆ ಗ್ರಾಫಿಕ್ಸ್‌ಗೆಂದೇ ಮೀಸಲಾದದ್ದು. ಶೇರ್ಡ್ ಎಂದರೆ ಅಗತ್ಯ ಬಿದ್ದಾಗ ಮುಖ್ಯ ರ‍್ಯಾಮ್‌ನಿಂದ ಎರವಲು ಪಡೆಯಬಹುದಾದ ಮಿತಿ, ಸಾಮಾನ್ಯವಾಗಿ ಒಟ್ಟು ರ‍್ಯಾಮ್‌ನ ಅರ್ಧ. ಮೂರನೇ ತಲೆಮಾರಿನ ಪ್ರೊಸೆಸರ್‌ನೊಳಗಿರುವ ಎಚ್‌ಡಿ 4000ರಂಥ ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲಿ, ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹಳೆಯದಾದ್ದರಿಂದ ಈ ವಿಭಾಗ ಕಾಣಿಸುವುದಿಲ್ಲ. ಆಗ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ನೆರವಿಗೆ ಬರುತ್ತದೆ. ನಿಮ್ಮ ಕೆಲಸವನ್ನೇ ಮಾಡುತ್ತಾ ಅಂಕಿಗಳನ್ನು ಗಮನಿಸಿ. ಮೆಮೊರಿ ಇನ್ನೂ ಖಾಲಿ ಇದ್ದು ಜಿಪಿಯು ಬಳಕೆ ನೂರಕ್ಕೆ ನೂರು ತಲುಪಿದ್ದರೆ ಚಿಪ್ಪೇ ಸೋತಿದೆ ಎಂದರ್ಥ. ಅಲ್ಲಿ ಮೆಮೊರಿ ಸುರಿದು ಪ್ರಯೋಜನವಿಲ್ಲ.

ಮೂರನೆಯ ಸಾಧ್ಯತೆಯೊಂದಿದೆ, ಜನ ಹೆಚ್ಚು ಎಡವುವುದು ಇಲ್ಲೇ. ಈಚಿನ ಫೋಟೋಶಾಪ್ ಕನಿಷ್ಠ 1.5 ಜಿಬಿ ವಿಡಿಯೋ ಮೆಮೊರಿ ಕೇಳುವುದರ ಜೊತೆಗೆ ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 12ರ ‘12_0’ ಎಂಬ ಸಾಮರ್ಥ್ಯದ ಮಟ್ಟವನ್ನೂ ಕೇಳುತ್ತದೆ. ನಾಲ್ಕನೇ ತಲೆಮಾರಿನ ಐ5ರಲ್ಲಿರುವ ಎಚ್‌ಡಿ 4600 ಆ ಮಟ್ಟ ಮುಟ್ಟುವುದಿಲ್ಲ. ಎನ್‌ವಿಡಿಯಾ ಕಂಪನಿಯ ಕಾರ್ಡ್‌ಗಳಾದ ಜಿಟಿ 710, ಜಿಟಿ 730 ಕೂಡ ಇಲ್ಲ, ಜನಪ್ರಿಯವಾದ ಜಿಟಿಎಕ್ಸ್ 750 ಟಿಐ ಕೂಡ ಇಲ್ಲ. ಎಷ್ಟು ಜಿಬಿ ಇದ್ದರೂ ಆ ಎಚ್ಚರಿಕೆ ಹೋಗದು. ಜಿಟಿ 1030ರಿಂದ ಮೇಲಕ್ಕೆ ಹೋದರೆ ಹೋಗುತ್ತದೆ.

ಖರ್ಚಿಲ್ಲದ ದಾರಿ: ಬಯೋಸ್

ಇಂಟೆಲ್ ಮದರ್‌ಬೋರ್ಡ್‌ಗಳಲ್ಲಿ ಡಿವಿಎಂಟಿ, ಎಎಂಡಿ ಬೋರ್ಡ್‌ಗಳಲ್ಲಿ ಯುಎಂಎ ಫ್ರೇಮ್ ಬಫರ್ ಎಂಬ ಹೆಸರಿನಲ್ಲಿ, ಗ್ರಾಫಿಕ್ಸ್‌ಗೆ ಎಷ್ಟು ರ‍್ಯಾಮ್ ಮೀಸಲಿಡಬೇಕು ಎಂಬ ಆಯ್ಕೆ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಚಾಲೂ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ, ಇರುತ್ತದೆ. ಕಂಪನಿಗಳಿಗೆಂದು ತಯಾರಾದ ಕಂಪ್ಯೂಟರ್‌ಗಳಲ್ಲಿ ಇದನ್ನು ಮುಚ್ಚಿಟ್ಟಿರುವುದೂ ಉಂಟು. ಇದನ್ನು ಹೆಚ್ಚಿಸಿದರೆ ಹೊಸ ಮೆಮೊರಿ ಹುಟ್ಟುವುದಿಲ್ಲ, ಇದ್ದ ರ‍್ಯಾಮ್‌ನ ಒಂದು ಪಾಲು ಶಾಶ್ವತವಾಗಿ ಗ್ರಾಫಿಕ್ಸ್ ಕಡೆಗೆ ಹೋಗುತ್ತದೆ, ಅಷ್ಟೇ. ವಿಂಡೋಸ್ ಹೇಗೂ ಬೇಕಾದಾಗ ಎರವಲು ಕೊಡುತ್ತದೆಯಾದ್ದರಿಂದ ವೇಗದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗದು.

ಆದರೂ ಒಂದು ಸಂದರ್ಭದಲ್ಲಿ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಕೆಲವು ಹಳೆಯ ಆಟಗಳು ತೆರೆಯುವಾಗ ಮೀಸಲು ಮೆಮೊರಿಯನ್ನಷ್ಟೇ ಎಣಿಸಿ, 128 ಎಂಬಿ ಕಂಡರೆ ಹಿಂದಿರುಗಿಸುತ್ತವೆ. ಅಂಥವಕ್ಕೆ 512 ಎಂಬಿಗೆ ಏರಿಸಿ ನೋಡಿ. 8 ಜಿಬಿ ರ‍್ಯಾಮ್ ಇದ್ದವರು ಮಾತ್ರ ಇದನ್ನು ಮಾಡಲಿ. 4 ಜಿಬಿ ಇರುವ ಯಂತ್ರದಲ್ಲಿ ಅರ್ಧ ಜಿಬಿ ಕಿತ್ತುಕೊಂಡರೆ ಉಳಿದ ಕೆಲಸಗಳು ನರಳುತ್ತವೆ.

ಯೂಟ್ಯೂಬ್ ವಿಡಿಯೋಗಳಲ್ಲಿ ಕಾಣುವ ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿ) ತಂತ್ರದ ಬಗ್ಗೆ ಎರಡು ಮಾತು. ಇಂಟೆಲ್‌ನ ಕೀಲಿಯಲ್ಲಿ ಡೆಡಿಕೇಟೆಡ್‌ಸೆಗ್ಮೆಂಟ್‌ಸೈಜ್ ಎಂಬ ಮೌಲ್ಯವನ್ನು 512 ಮಾಡಿದರೆ ಮೆಮೊರಿ ಹೆಚ್ಚುತ್ತದೆ ಎನ್ನುತ್ತಾರೆ. ಅದು ಆಟಕ್ಕೆ ತೋರಿಸುವ ಅಂಕಿಯನ್ನಷ್ಟೇ ಬದಲಿಸುತ್ತದೆ. ಬಾಗಿಲಲ್ಲಿ ತಡೆಯುವ ಆಟ ಒಳಗೆ ಬಿಡಬಹುದು, ಓಟ ಮಾತ್ರ ಮೊದಲಿದ್ದಷ್ಟೇ.

ಎರಡನೇ ರ‍್ಯಾಮ್ ಸ್ಟಿಕ್: ಅಗ್ಗದಲ್ಲಿ ನಿಜವಾದ ಲಾಭ

ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸ್‌ನ ನಿಜವಾದ ಕಷ್ಟ ಮೆಮೊರಿಯ ಗಾತ್ರವಲ್ಲ, ಅದು ಬಂದು ತಲುಪುವ ವೇಗ. ಡಿಡಿಆರ್3-1600 ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ 12.8 ಜಿಬಿ ದತ್ತಾಂಶ ಹರಿಯಬಲ್ಲುದು. ಅದನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳಬೇಕು. ಅದೇ ಬಗೆಯ ಇನ್ನೊಂದು ಸ್ಟಿಕ್ಕನ್ನು ಸರಿಯಾದ ಸ್ಲಾಟ್‌ಗೆ ಹಾಕಿದರೆ ಎರಡು ಚಾನೆಲ್ ತೆರೆದು ಹರಿವು 25.6 ಜಿಬಿಗೆ ಏರುತ್ತದೆ. ಡಿಡಿಆರ್4-2400 ಇರುವ ಏಳನೇ ತಲೆಮಾರಿನವುಗಳಲ್ಲಿ 19.2ರಿಂದ 38.4ಕ್ಕೆ.

ಹೀಗಾಗಿ 8 ಜಿಬಿಯ ಒಂದೇ ಸ್ಟಿಕ್‌ಗಿಂತ 4 ಜಿಬಿಯ ಎರಡು ಗ್ರಾಫಿಕ್ಸ್‌ಗೆ ಒಳ್ಳೆಯದು. ಹಳೆಯ ಕಂಪ್ಯೂಟರ್ ಮಾರುವವರು ಒಂದೇ ಸ್ಟಿಕ್ ಹಾಕಿ ಕೊಡುವುದು ಸಾಮಾನ್ಯ. ಕೊಳ್ಳುವಾಗಲೇ ಜೋಡಿಯಲ್ಲಿ ಕೊಡಿ ಎಂದು ಕೇಳಿ. ಸ್ಲಾಟ್‌ಗಳ ಬಣ್ಣ ನೋಡಿ ಜೋಡಿ ಹಾಕಬೇಕು, ಯಾವ ಬಣ್ಣ ಯಾವ ಚಾನೆಲ್ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕೈಪಿಡಿ ನೋಡುವುದು ಕ್ಷೇಮ. ಸಿಪಿಯು-ಝಡ್ ತಂತ್ರಾಂಶದ ಮೆಮೊರಿ ಪುಟದಲ್ಲಿ ಡ್ಯುಯಲ್ ಎಂದು ಬಂದರೆ ಕೆಲಸ ಆದಂತೆ. ಹಗುರವಾದ ಆಟ, ಕೋರೆಲ್‌ಡ್ರಾದಲ್ಲಿ ಫ್ಲೆಕ್ಸ್ ವಿನ್ಯಾಸ, ಹಳೆಯ ಆವೃತ್ತಿಯ ಫೋಟೋಶಾಪ್ ಇಷ್ಟೇ ಬಳಸುವವರಿಗೆ ಇದರಿಂದಾಚೆ ಖರ್ಚು ಬೇಕಿಲ್ಲ ಎಂದು ನಾನು ದೃಢವಾಗಿ ಹೇಳುತ್ತೇನೆ. ಕಾರ್ಡ್ ಹಾಕಿಸಿದ ಮೇಲೂ ಈ ರ‍್ಯಾಮ್ ವ್ಯರ್ಥವಾಗುವುದಿಲ್ಲ.

ಕಾರ್ಡ್ ಆರಿಸುವಾಗ ಜಿಬಿಗಿಂತ ಮುಂಚೆ ನೋಡಬೇಕಾದ ಅಂಕಿ

ಕಣಜ ಎಷ್ಟು ದೊಡ್ಡದಿದ್ದರೇನು, ಬಾಗಿಲು ಒಬ್ಬರು ತೂರುವಷ್ಟೇ ಇದ್ದರೆ ಮೂಟೆಗಳು ಹೊರಬರುವುದು ನಿಧಾನವೇ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಆ ಬಾಗಿಲಿನ ಹೆಸರು ಬ್ಯಾಂಡ್‌ವಿಡ್ತ್. ಮೆಮೊರಿಯ ಬಗೆ ಮತ್ತು ಬಸ್‌ನ (ಮೆಮೊರಿಗೂ ಚಿಪ್‌ಗೂ ನಡುವಿನ ಹಾದಿಯ) ಅಗಲ ಎರಡೂ ಸೇರಿ ಅದನ್ನು ನಿರ್ಧರಿಸುತ್ತವೆ.

ಜಿಟಿ 730 ಇದಕ್ಕೆ ಪಾಠದಂಥ ಉದಾಹರಣೆ. ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. 64 ಬಿಟ್ ಬಸ್‌ನ ಡಿಡಿಆರ್3 ಕಾರ್ಡ್‌ನಲ್ಲಿ ಸೆಕೆಂಡಿಗೆ 14.4 ಜಿಬಿ, ಅದೇ ಅಗಲದ ಜಿಡಿಡಿಆರ್5 (ಗ್ರಾಫಿಕ್ಸ್‌ಗೆಂದೇ ಮಾಡಿದ ವೇಗದ ಮೆಮೊರಿ) ಕಾರ್ಡ್‌ನಲ್ಲಿ 40 ಜಿಬಿ. ಮೂರನೆಯದು ಹಳೆಯ ಫರ್ಮಿ ಚಿಪ್, 128 ಬಿಟ್, 28.8 ಜಿಬಿ, ಜೊತೆಗೆ 49 ವ್ಯಾಟ್ ವಿದ್ಯುತ್ ಹಸಿವು. ಅಂಗಡಿಯಲ್ಲಿ ‘4 ಜಿಬಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವ ಜಿಟಿ 730 ಹೆಚ್ಚಾಗಿ ಡಿಡಿಆರ್3 ಆಗಿರುತ್ತದೆ. 14.4 ಜಿಬಿ ಎಂದರೆ ಮೇಲೆ ಹೇಳಿದ ಎರಡು ಸ್ಟಿಕ್ ರ‍್ಯಾಮ್‌ನ ಹರಿವಿಗಿಂತ ಕಡಿಮೆ! ಆ ಕಾರ್ಡ್‌ಗೆ ಹಣ ಕೊಡುವ ಬದಲು ರ‍್ಯಾಮ್ ಜೋಡಿ ಹಾಕಿ ಸುಮ್ಮನಿರುವುದೇ ಜಾಣತನ.

ಜಿಟಿ 1030ರ ಕಥೆಯೂ ಹೀಗೆಯೇ. 2017ರಲ್ಲಿ ಬಂದ ಜಿಡಿಡಿಆರ್5 ಕಾರ್ಡ್ ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. 2018ರಲ್ಲಿ ಅದೇ ಹೆಸರಿನಡಿ ಬಂದ ಡಿಡಿಆರ್4 ಕಾರ್ಡ್ ಸಾಗಿಸುವುದು 16.8 ಜಿಬಿ ಮಾತ್ರ. ಎರಡರಲ್ಲೂ 2 ಜಿಬಿ, ಎರಡರಲ್ಲೂ 384 ಕೋರ್. ಹಲವು ಆಟಗಳಲ್ಲಿ ಎರಡನೆಯದು ಮೊದಲನೆಯದರ ಸುಮಾರು ಅರ್ಧದಷ್ಟೇ ಓಡುತ್ತದೆ. ಇಂಥ ಕಾರ್ಡನ್ನು ಅದೇ ಹೆಸರಿನಲ್ಲಿ ಮಾರಿದ್ದು ಕೊಳ್ಳುವವರಿಗೆ ಮಾಡಿದ ಅನ್ಯಾಯ. ಡಬ್ಬಿಯ ಮೇಲೆ ‘ಡಿ5’ ಅಥವಾ ಜಿಡಿಡಿಆರ್5 ಎಂದು ಕಣ್ಣಾರೆ ಕಾಣದೆ ಕೊಳ್ಳಬೇಡಿ.

ಜಿಡಿಡಿಆರ್5ರ ಜಿಟಿ 1030 ಬಳಸುವುದು 30 ವ್ಯಾಟ್ ಮಾತ್ರ. ಯಾವ ಹಳೆಯ ಎಸ್‌ಎಂಪಿಎಸ್ ಕೂಡ ಇದನ್ನು ಸಹಿಸಿಕೊಳ್ಳುತ್ತದೆ. ಯೂಟ್ಯೂಬ್‌ನ ವಿಪಿ9 ಮತ್ತು 10 ಬಿಟ್ ಎಚ್‌ಇವಿಸಿ ಎಂಬ ಬಗೆಗಳಲ್ಲಿ ಕುಗ್ಗಿಸಿದ ವಿಡಿಯೋಗಳನ್ನು ಚಿಪ್‌ನಲ್ಲೇ ಬಿಡಿಸುವುದರಿಂದ, ಆ ಶಕ್ತಿಯಿಲ್ಲದ ನಾಲ್ಕನೇ ತಲೆಮಾರಿನ ಯಂತ್ರದಲ್ಲಿ 4ಕೆ ತಡವರಿಕೆ ನಿಲ್ಲುತ್ತದೆ. ಆದರೆ ವಿಡಿಯೋವನ್ನು ಎನ್‌ಕೋಡ್ ಮಾಡುವ, ಅಂದರೆ ಕುಗ್ಗಿಸಿ ಕಡತವಾಗಿಸುವ, ಯಂತ್ರಾಂಶ ಇದರಲ್ಲಿಲ್ಲ. ಯೂಟ್ಯೂಬ್ ಚಾನೆಲ್ ನಡೆಸುವವರು, ಆಟವನ್ನು ನೇರಪ್ರಸಾರ ಮಾಡುವವರು ಇದನ್ನು ಬಿಟ್ಟು ಮುಂದೆ ಹೋಗಬೇಕು.

ಮುಂದಿನ ಮೆಟ್ಟಿಲು 2016ರ ಜಿಟಿಎಕ್ಸ್ 1050 ಟಿಐ ಮತ್ತು 2019ರ ಜಿಟಿಎಕ್ಸ್ 1650. ಎರಡಕ್ಕೂ 4 ಜಿಬಿ, ಎರಡಕ್ಕೂ 75 ವ್ಯಾಟ್ ಮಿತಿ, ಹರಿವು ಕ್ರಮವಾಗಿ 112 ಮತ್ತು 128 ಜಿಬಿ. 1650ರ ಜಿಡಿಡಿಆರ್6 ಕಾರ್ಡ್ 192ರವರೆಗೆ ಹೋಗುತ್ತದೆ. ಎನ್‌ಕೋಡರ್ ಎರಡರಲ್ಲೂ ಇದೆ. ಐದಾರು ವರ್ಷಗಳಿಂದ ಹಳೆಯ ಕಂಪ್ಯೂಟರ್‌ಗೆ ಕಾರ್ಡ್ ಕೇಳಿದವರಿಗೆ ನಾನು ಹೇಳುತ್ತಾ ಬಂದ ಹೆಸರುಗಳು ಇವೇ. ಈಗ ಒಂದು ತಿದ್ದುಪಡಿ ಸೇರಿಸಬೇಕಾಗಿದೆ. ಎನ್‌ವಿಡಿಯಾ ಕಂಪನಿ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ತಲೆಮಾರಿನ ಚಿಪ್‌ಗಳ ಪೂರ್ಣ ಡ್ರೈವರ್ ಬೆಂಬಲವನ್ನು ಅಕ್ಟೋಬರ್ 2025ಕ್ಕೆ ನಿಲ್ಲಿಸುವುದಾಗಿ, 2028ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿ ಮಾತ್ರ ಕೊಡುವುದಾಗಿ ಪ್ರಕಟಿಸಿತು. ಜಿಟಿ 1030 ಮತ್ತು 1050 ಟಿಐ ಎರಡೂ ಪ್ಯಾಸ್ಕಲ್. 1650 ಟ್ಯೂರಿಂಗ್ ತಲೆಮಾರಿನದು, ಆ ಪಟ್ಟಿಯಲ್ಲಿಲ್ಲ. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೆ ಕಣ್ಣು ಮುಚ್ಚಿ 1650 ತೆಗೆದುಕೊಳ್ಳಿ. ಜಿಟಿ 710, ಜಿಟಿ 730ರ ಕೆಪ್ಲರ್ ಚಿಪ್‌ಗಳಿಗಂತೂ ಹೊಸ ಆಟಗಳ ಡ್ರೈವರ್ 2021ರಲ್ಲೇ ನಿಂತಿದೆ. ಇನ್ನೊಂದು ಪರದೆ ಜೋಡಿಸಲು ಮಾತ್ರ ಜಿಟಿ 710 ಸಾಕು, ಬೇರೆ ಯಾವುದಕ್ಕೂ ಅಲ್ಲ.

ಎಎಂಡಿಯ ಆರ್‌ಎಕ್ಸ್ 6400 ಕಾಗದದ ಮೇಲೆ ಆಕರ್ಷಕ: 2022ರ ಕಾರ್ಡ್, 4 ಜಿಬಿ ಜಿಡಿಡಿಆರ್6, 53 ವ್ಯಾಟ್, ಸಣ್ಣ ಕ್ಯಾಬಿನೆಟ್‌ಗೂ ಹೊಂದುವ ಗಾತ್ರ. ಹಳೆಯ ಯಂತ್ರಕ್ಕೆ ಮಾತ್ರ ನಾನು ಇದನ್ನು ಸೂಚಿಸುವುದಿಲ್ಲ. ಬೋರ್ಡ್ ಜೊತೆ ಮಾತನಾಡಲು ಇದಕ್ಕಿರುವುದು ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಕೂರುವ ಸ್ಲಾಟ್) ಸಂಪರ್ಕದ ನಾಲ್ಕು ಲೇನ್ ಮಾತ್ರ. ನಾಲ್ಕನೇ ಆವೃತ್ತಿಯ ಸ್ಲಾಟ್‌ನಲ್ಲಿ ಅಷ್ಟು ಸಾಕು. ಮೂರನೇ ಆವೃತ್ತಿಯ ಸ್ಲಾಟ್‌ನಲ್ಲಿ ಸೆಕೆಂಡಿಗೆ ಸುಮಾರು 4 ಜಿಬಿ, ಎರಡನೇ ತಲೆಮಾರಿನ ಐ5ರಲ್ಲಿರುವ ಎರಡನೇ ಆವೃತ್ತಿಯಲ್ಲಿ ಸುಮಾರು 2 ಜಿಬಿ ಮಾತ್ರ ಸಿಗುತ್ತದೆ. ಆಟ 4 ಜಿಬಿ ತುಂಬಿಸಿ ಉಕ್ಕಿದಾಗ ಉಳಿದದ್ದು ಮುಖ್ಯ ರ‍್ಯಾಮ್‌ಗೆ ಹೋಗಿ, ಈ ಕಿರಿದಾದ ಹಾದಿಯಲ್ಲೇ ಮರಳಿ ಬರಬೇಕು. ಚಿತ್ರ ಕುಲುಕಿ ನಿಲ್ಲುವುದು ಆಗಲೇ. ಎನ್‌ಕೋಡರ್ ಕೂಡ ಇದರಲ್ಲಿಲ್ಲ.

ಇಂಟೆಲ್ ಆರ್ಕ್ ಎ380ಯ 6 ಜಿಬಿಯೂ ಹಳೆಯ ಬೋರ್ಡ್‌ಗೆ ಸಲ್ಲದು. ಕಾರ್ಡ್‌ನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದಿದ್ದರೆ ಅದರ ವೇಗ ಕುಸಿಯುತ್ತದೆ.

75 ವ್ಯಾಟ್‌ನೊಳಗೆ ಇಂದಿನ ಅತ್ಯುತ್ತಮ ಆಯ್ಕೆ ಎಂದರೆ 2024ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್. 70 ವ್ಯಾಟ್, ಸೆಕೆಂಡಿಗೆ 168 ಜಿಬಿ, ಎವಿ1 ಎಂಬ ಬಗೆಯ ವಿಡಿಯೋ ಬಿಡಿಸುವ ಶಕ್ತಿ. ಬ್ಲೆಂಡರ್ ಕಲಿಯುವ ವಿದ್ಯಾರ್ಥಿಗೆ, ಆಲ್ಬಮ್ ಜೊತೆಗೆ ವಿಡಿಯೋ ಸಂಕಲನವನ್ನೂ ಮಾಡುವ ಸ್ಟುಡಿಯೋಗೆ ಇದು ಸರಿ. ಆದರೆ ಅದರ ಬೆಲೆ ಅದನ್ನು ಹಾಕಿಸುವ ಹಳೆಯ ಕಂಪ್ಯೂಟರ್‌ನ ಬೆಲೆಯನ್ನೇ ಮೀರಬಹುದು. ಮುಂದೆ ಹೊಸ ಬೋರ್ಡ್ ಕೊಂಡಾಗ ಇದೇ ಕಾರ್ಡ್ ಅಲ್ಲಿಗೆ ಹೋಗುತ್ತದೆ ಎಂಬ ಯೋಚನೆ ಇದ್ದರೆ ಮಾತ್ರ ಕೈಹಾಕಿ.

ಕ್ಯಾಬಿನೆಟ್ ಏನು ಹೇಳುತ್ತದೆ

ಕಾರ್ಡ್‌ನ ಹೆಸರು ತೀರ್ಮಾನವಾಗುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ. ಟವರ್ ಮಾದರಿಯಾದರೆ ಪೂರ್ಣ ಎತ್ತರದ ಕಾರ್ಡ್ ಕೂರುತ್ತದೆ. ಮಲಗಿಸಿಡುವ ಸಣ್ಣ ಎಸ್‌ಎಫ್‌ಎಫ್ ಮಾದರಿಗೆ ಲೋ ಪ್ರೊಫೈಲ್ ಕಾರ್ಡ್ ಬೇಕು, ಜೊತೆಗೆ ಗಿಡ್ಡ ಬ್ರಾಕೆಟ್ ಡಬ್ಬಿಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕಾಣೆಯಾಗಿರುವುದು ಆ ಸಣ್ಣ ತಗಡೇ. ಅಂಗೈಯಗಲದ ಮಿನಿ ಮಾದರಿಗಳಲ್ಲಿ ಸ್ಲಾಟೇ ಇರುವುದಿಲ್ಲ. ಅಂಥವನ್ನು ಕೊಂಡವರಿಗೆ ಬಯೋಸ್, ರ‍್ಯಾಮ್ ಜೋಡಿ ಎಂಬ ಮೇಲಿನ ಎರಡು ದಾರಿಗಳಷ್ಟೇ.

ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ನಿಯಮದ ಪ್ರಕಾರ 75 ವ್ಯಾಟ್‌ವರೆಗೆ ಕೊಡಬಲ್ಲುದು. ಆದರೆ ಕೆಲವು ಸಣ್ಣ ಮಾದರಿಗಳ ಕೈಪಿಡಿಯಲ್ಲಿ ಅದಕ್ಕಿಂತ ಕಡಿಮೆ ಮಿತಿ ಹೇಳಿರುತ್ತಾರೆ. ಅಂಥಲ್ಲಿ ಜಿಟಿ 1030ಕ್ಕೇ ನಿಲ್ಲುವುದು ಒಳ್ಳೆಯದು. ಆಪ್ಟಿಪ್ಲೆಕ್ಸ್ 7010ರ ಸಣ್ಣ ಮಾದರಿಯ ಎಸ್‌ಎಂಪಿಎಸ್ 240 ವ್ಯಾಟ್‌ನದು. ಅದರಲ್ಲಿ ಹೆಚ್ಚುವರಿ ಆರು ಪಿನ್‌ನ ತಂತಿ ಇರುವುದಿಲ್ಲ. ಎಸ್‌ಎಂಪಿಎಸ್ ಬದಲಿಸೋಣ ಎಂದರೂ ಸುಲಭವಲ್ಲ. ಆಪ್ಟಿಪ್ಲೆಕ್ಸ್ 9020ಯ ಬೋರ್ಡ್‌ಗೆ 24 ಪಿನ್ ಬದಲು ಡೆಲ್‌ನದೇ ಆದ 8 ಪಿನ್, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1ಗೆ 6 ಪಿನ್. ಮಧ್ಯೆ ಪರಿವರ್ತಕ ತಂತಿ ಹಾಕಬೇಕು. ಸಾಟಾ ಕನೆಕ್ಟರ್‌ನಿಂದ ಆರು ಪಿನ್‌ಗೆ ಬದಲಿಸುವ ಅಗ್ಗದ ತಂತಿಗಳನ್ನು ದಯವಿಟ್ಟು ಮುಟ್ಟಬೇಡಿ. ಆ ಕನೆಕ್ಟರ್ ಅಷ್ಟು ವಿದ್ಯುತ್ತಿಗೆ ಮಾಡಿದ್ದಲ್ಲ, ಬಿಸಿಯಾಗಿ ಕರಗುತ್ತದೆ.

ಅಸೆಂಬಲ್ ಮಾಡಿದ ಕಂಪ್ಯೂಟರ್ ಆದರೆ ಎಸ್‌ಎಂಪಿಎಸ್ ಮೇಲಿನ 450 ವ್ಯಾಟ್ ಎಂಬ ದೊಡ್ಡ ಅಕ್ಷರವನ್ನು ನಂಬದೆ, ಚೀಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ. 16 ಆಂಪಿಯರ್ ಎಂದಿದ್ದರೆ ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಸೇರಿ ಸಿಗುವುದು 192 ವ್ಯಾಟ್. 75 ವ್ಯಾಟ್‌ನ ಕಾರ್ಡ್ ಬಂದ ಮೇಲೆ 600 ವಿಎ ಯುಪಿಎಸ್ ಮೊದಲಿನಷ್ಟು ಹೊತ್ತು ತಾಳುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕರೆಂಟು ಆಗಾಗ ಹೋಗುವ ಊರಿನ ಡಿಟಿಪಿ ಅಂಗಡಿಗೆ ಇದು ಸಣ್ಣ ವಿಷಯವಲ್ಲ.

ಹಳೆಯ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಇನ್ನೊಂದು ತೊಡಕು. ಜಿಟಿ 1030ರಿಂದ ಮುಂದಿನ ಕಾರ್ಡ್‌ಗಳು ಅನಲಾಗ್ ಸಂಕೇತ ಕೊಡುವುದಿಲ್ಲ. ಬರೀ ಪಿನ್ ಬದಲಿಸುವ ತುಂಡು ಸಾಲದು, ಸಂಕೇತವನ್ನೇ ಬದಲಿಸುವ ಪರಿವರ್ತಕ ಬೇಕು. ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ತಂತಿಯನ್ನು ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೇ ಚುಚ್ಚಬೇಕು. ಇದನ್ನು ಮರೆತು ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವವರು ಇದ್ದಾರೆ.

ಕಾರ್ಡ್‌ಗೇ ಮೆಮೊರಿ ಸೇರಿಸಲಾಗದೇ?

ಒಂದು ಕಾಲದಲ್ಲಿ ಆಗುತ್ತಿತ್ತು. 1990ರ ದಶಕದ ಎಸ್3 ಟ್ರಯೋ64ರಂಥ ಹಲವು ಕಾರ್ಡ್‌ಗಳಲ್ಲಿ ಖಾಲಿ ಸಾಕೆಟ್ ಇರುತ್ತಿತ್ತು. ಚಿಪ್ ಒತ್ತಿ ಕೂರಿಸಿದರೆ 1 ಎಂಬಿ ಇದ್ದದ್ದು 2 ಎಂಬಿ ಆಗುತ್ತಿತ್ತು, 1024×768ರಲ್ಲಿ 256 ಬಣ್ಣ ಕಾಣುತ್ತಿದ್ದ ಪರದೆ 65,536 ಬಣ್ಣ ತೋರುತ್ತಿತ್ತು. ಇಂದಿನ ಜಿಡಿಡಿಆರ್ ಚಿಪ್‌ಗಳನ್ನು ಬೋರ್ಡ್‌ಗೆ ಬೆಸೆದಿರುತ್ತಾರೆ. ಅದನ್ನು ಕಿತ್ತು ದೊಡ್ಡದನ್ನು ಬೆಸೆದು, ಬಯೋಸ್ ತಿದ್ದಿದ ಕಾರ್ಡ್‌ಗಳು ಹೊರದೇಶಗಳಲ್ಲಿ ಮಾರಾಟವಾಗುತ್ತವೆ. ಹಳೆಯ ಐ5ರ ಮಾಲೀಕರು ಯೋಚಿಸಬೇಕಾದ ದಾರಿ ಅದಲ್ಲ.

ಬೋರ್ಡನ್ನೇ ಬದಲಿಸುವುದು ಯಾವಾಗ

ಬೆಲೆ ವಿಚಾರಿಸುವಾಗ ರೈಜೆನ್ 5 5600ಜಿ, ಒಂದು ಸಾಮಾನ್ಯ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-3200 ಸ್ಟಿಕ್ ಇವುಗಳ ಮೊತ್ತವನ್ನೂ ಕೇಳಿ. ಆ ಜೋಡಿ ಸ್ಟಿಕ್‌ಗಳ ಹರಿವು ಸೆಕೆಂಡಿಗೆ 51.2 ಜಿಬಿ, ಅಂದರೆ ಜಿಡಿಡಿಆರ್5ರ ಜಿಟಿ 1030ರದಕ್ಕಿಂತ ತುಸು ಹೆಚ್ಚು. ಕಾರ್ಡ್ ಇಲ್ಲದೆಯೇ ಆ ಮಟ್ಟದ ಗ್ರಾಫಿಕ್ಸ್ ಸಿಗುತ್ತದೆ, ಆರು ಕೋರ್‌ನ ಪ್ರೊಸೆಸರ್ ಕೂಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವ ಇಂಟೆಲ್ ಕೋರ್ ಎಂಟನೇ ತಲೆಮಾರಿನಿಂದ ಮೇಲಿನದು. ಆದ್ದರಿಂದ ಎರಡನೇ ತಲೆಮಾರಿನ ಐ5ಗೆ 1650 ಮಟ್ಟದ ಕಾರ್ಡ್ ಹಾಕಿಸುವ ಯೋಚನೆಯಲ್ಲಿರುವವರಿಗೆ ನನ್ನ ಸಲಹೆ ಬೋರ್ಡ್ ಕಡೆಗೇ. ನಾಲ್ಕನೇ ತಲೆಮಾರಿನ ಟವರ್ ಇದ್ದು, ಲಿನಕ್ಸ್ ಹಾಕಿಕೊಂಡು ಇನ್ನೆರಡು ಮೂರು ವರ್ಷ ದುಡಿಸಿಕೊಳ್ಳುವವರಿಗೆ ಕಾರ್ಡ್ ನ್ಯಾಯವಾದ ಖರ್ಚು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವ ಮುನ್ನ

ಹಳೆಯ ಜಿಟಿಎಸ್ 450ರಂಥ ಕಾರ್ಡ್‌ಗಳ ಬಯೋಸ್ ತಿದ್ದಿ, 1050 ಟಿಐ ಎಂದು ಹೆಸರು ತೋರುವಂತೆ ಮಾಡಿ ಮಾರಿರುವ ಉದಾಹರಣೆಗಳಿವೆ. ವಿಂಡೋಸ್ ಅದನ್ನು ನಂಬಿಬಿಡುತ್ತದೆ. ಜಿಪಿಯು-ಝಡ್‌ನ 2018ರಿಂದೀಚಿನ ಆವೃತ್ತಿಗಳು ಇಂಥ ನಕಲಿಗಳಲ್ಲಿ ಹಲವನ್ನು ಗುರುತಿಸಿ ಹೆಸರಿನ ಮುಂದೆ ‘ಫೇಕ್’ ಎಂದು ತೋರಿಸುತ್ತವೆ. ಪೆನ್‌ಡ್ರೈವ್‌ನಲ್ಲಿ ಅದನ್ನು ಒಯ್ದು, ಅಂಗಡಿಯ ಕಂಪ್ಯೂಟರ್‌ನಲ್ಲೇ ಕಾರ್ಡ್ ಹಾಕಿಸಿ ಮೆಮೊರಿಯ ಬಗೆ, ಬಸ್‌ನ ಅಗಲ, ಬ್ಯಾಂಡ್‌ವಿಡ್ತ್ ಮೂರನ್ನೂ ಓದಿ. 1050 ಟಿಐ ಎಂದರೆ ಜಿಡಿಡಿಆರ್5, 128 ಬಿಟ್, 112ರ ಆಸುಪಾಸು ಬರಬೇಕು. ನಂತರ ಒಂದು ಆಟವನ್ನೋ ಪರೀಕ್ಷಾ ತಂತ್ರಾಂಶವನ್ನೋ ಹದಿನೈದು ನಿಮಿಷ ಓಡಿಸಿ, ಫ್ಯಾನ್ ಸದ್ದು ಕೇಳಿ, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಏಳುತ್ತವೆಯೇ ನೋಡಿ. ಮೆಮೊರಿ ಚಿಪ್ ಕೆಟ್ಟಿದ್ದರೆ ಬಿಸಿಯಾದ ಮೇಲೆ ಅದು ಬಯಲಾಗುವುದು ಹೀಗೆ. ಇಷ್ಟನ್ನು ಮಾಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ, ಪಕ್ಕದ ಅಂಗಡಿಯಲ್ಲಿ ಕೇಳಿ.